ನಮಗೆ ನೋವು, ನಾಯಿಗೆ ಸಾವು

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿರುವ ಮಗಳ ಮನೆಯಲ್ಲಿ ನಾವು ಮೂರು ತಿಂಗಳಿದ್ದು ಬಂದೆವು. ಅಲ್ಲಿಯ ನಾಯಿಮರಿ ಮೊಮ್ಮಕ್ಕಳಿಗಿಂತ ಹೆಚ್ಚಾಗಿ ನಮ್ಮನ್ನು ಹಚ್ಚಿಕೊಂಡಿತು. ಅದು ಹಿತ್ತಲ ಬಿಲಗಳಿಗೆ ಮೂತಿ ತೂರಿಸಿದಾಗಲೆಲ್ಲ ಮಗಳ ಜೀವ ಹಾರಿಹೋಗುತ್ತಿತ್ತು.

ಭಯಕ್ಕೆ ಕಾರಣವುಂಟು. ಸಿಡ್ನಿ ಕಡೆಯ ಫನಲ್‌ವೆಬ್ ಜೇಡದ ವಿಷ ಮನುಷ್ಯನಿಗೆ ಮಾರಕ. ನಾಯಿ ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ಬಿಲ ತೋಡುವ ದಪ್ಪ ‘ಸಿಳ್ಳು ಜೇಡ’ದ ರೀತಿ ಇದಕ್ಕೆ ತೀರ ವಿರುದ್ಧ. 2003ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಇದರ ಜಾತಿಯ ಜೇಡಗಳು ಕಚ್ಚಿದ 9 ಮಂದಿಯೂ ಉಳಿದರು. 7 ನಾಯಿಗಳೂ ಸತ್ತವು, ಕೆಲವು ಎರಡೇ ಗಂಟೆಯೊಳಗೆ.

ಇದಕ್ಕೆ ಪ್ರತಿವಿಷವಿಲ್ಲ. ಬೇಗ ಒಯ್ದರೆ ಪಶುವೈದ್ಯರು ಉಸಿರಾಟಕ್ಕೆ ಆಸರೆ ಕೊಡಬಲ್ಲರು. ನಮಗೇನೂ ಆಗಲಿಲ್ಲವೆಂದು ಮೂಕಪ್ರಾಣಿಯನ್ನು ಬೆಳಗಿನವರೆಗೆ ಕಾಯಿಸಲಾಗದು.