ದೊಡ್ಡಮ್ಮನ ಜಗಲಿಯ ಬಣ್ಣದ ಎಲೆಗಳು

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ಹೊರಟರೆ ರಸ್ತೆ ಪಕ್ಕದ ಮನೆಗಳ ಜಗಲಿ ನೋಡ್ತಾ ಹೋಗಿ. ಹೂವಿಗಿಂತ ಎಲೆಗಳದ್ದೇ ಬಣ್ಣ ಜಾಸ್ತಿ. ಹಳೇ ಪೇಂಟ್ ಡಬ್ಬ, ತೂತು ಬಿದ್ದ ಕೊಡ, ಎಣ್ಣೆ ಟಿನ್ನು, ಸಿಕ್ಕಿದ್ದರಲ್ಲೆಲ್ಲ ಮೆರೂನ್, ಗುಲಾಬಿ, ತಿಳಿಹಸಿರು. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯ ಕಾಣದ ಸೀಮೆ ಇದು. ಇಷ್ಟು ಬಣ್ಣ ಎಲ್ಲಿಂದ ಬಂತು ಅನ್ನಿಸುತ್ತೆ.

ನಮ್ಮ ದೊಡ್ಡಮ್ಮನ ಮನೆ ಇದೇ ಹಾದಿಯಲ್ಲಿ, ಅಡಿಕೆ ತೋಟದ ಅಂಚಿಗೆ. ಬೆಂಗಳೂರಲ್ಲಿ ನನ್ನ ಬಾಡಿಗೆ ಮನೆ ಕಿಟಕಿ ತೆಗೆದರೆ ಮೂರಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಅಲ್ಲಿ ಏನು ಬೆಳೆಯುತ್ತೆ ಅಂತ ಕೇಳಿದ್ದಕ್ಕೆ ದೊಡ್ಡಮ್ಮ, "ಬಿಸ್ಲಿಲ್ಲ ಅಂತ ಯಾಕೆ ಅಳ್ತೀಯೆ ಮಾರಾಯ್ತಿ, ಇವಕ್ಕೆ ಬಿಸ್ಲೇ ಆಗಲ್ಲ" ಅಂತ ಜಗಲಿ ತೋರಿಸಿದರು.

ಅಲ್ಲಿ ಹೆಚ್ಚಿರೋದು ಕೋಲಿಯಸ್. ತುಳಸಿ, ದೊಡ್ಡಪತ್ರೆಯ ಕುಟುಂಬದ್ದೇ. ಕಾಂಡ ಮುಟ್ಟಿ ನೋಡಿ, ಚೌಕಾಕಾರ ಗೊತ್ತಾಗುತ್ತೆ. ಪಕ್ಕದಲ್ಲಿ ಕೆಂಪು ನರದ ಕೆಲಾಡಿಯಂ, ಮನೆಯವರ ಬಾಯಲ್ಲಿ ಬಣ್ಣದ ಕೆಸು. ಮೂಲ ದಕ್ಷಿಣ ಅಮೆರಿಕವಾದರೂ ನಮ್ಮ ಕೆಸುವಿನ ನೆಂಟ. ಪತ್ರೊಡೆ ಮಾಡೋಕೆ ಮಾತ್ರ ಹೋಗಬೇಡಿ, ಬಾಯಿ ಗಂಟಲು ಉರಿದುಹೋಗುತ್ತೆ. ಮನೇಲಿ ಬೆಕ್ಕು, ಸಣ್ಣ ಮಕ್ಕಳಿದ್ದರೆ ಎತ್ತರಕ್ಕಿಡಿ. ಇನ್ನೊಂದು ರೆಕ್ಸ್ ಬಿಗೋನಿಯಾ, ಬೆಳ್ಳಿ ಮೆತ್ತಿದಂಥ ಎಲೆ. ನರ್ಸರಿಯವರು ಅದನ್ನ ಫಾರಿನ್ ಗಿಡದ ಥರ ಮಾರ್ತಾರೆ, ಅದರ ತವರು ನಮ್ಮ ಈಶಾನ್ಯ ಭಾರತದ ಕಾಡು!

ಈ ಸಲ ಹೋದಾಗ ಜಗಲಿ ಅರ್ಧ ಖಾಲಿ. ಡಬ್ಬಗಳೆಲ್ಲ ಹಿಂದೆ ಬಚ್ಚಲು ಗೋಡೆ ಪಕ್ಕಕ್ಕೆ ಹೋಗಿವೆ. ಕಾರಣ ಅಡಿಕೆಯ ಎಲೆಚುಕ್ಕೆ ರೋಗ. ಈ ಶಿಲೀಂಧ್ರ ಬಂದರೆ ಸೋಗೆ ಮೇಲೆ ಕಂದು ಚುಕ್ಕಿ, ಆಮೇಲೆ ಇಡೀ ಸೋಗೆಯೇ ಒಣಗುತ್ತೆ. ಮಲೆನಾಡಿನ ತೋಟಗಳನ್ನ ಕೆಲವು ವರ್ಷಗಳಿಂದ ಹಿಂಡ್ತಾ ಇದೆ. ಫಸಲಿನ ಲೆಕ್ಕ ದೊಡ್ಡಪ್ಪ ಹೇಳ್ತಾರೆ. ದೊಡ್ಡಮ್ಮನದು ಬಿಸಿಲಿನ ಲೆಕ್ಕ: "ಮೊದ್ಲು ಊಟ ಮುಗಿಯೋದ್ರೊಳಗೆ ಜಗಲಿ ತಂಪಾಗ್ತಿತ್ತು. ಈಗ ಸಂಜೆ ಕಾಫಿವರೆಗೂ ಸುಡ್ತದೆ." ಪಶ್ಚಿಮಕ್ಕಿರೋ ಮರಗಳ ತಲೆ ಬೋಳಾಗಿದೆ. ಅಂಚಲ್ಲಿ ಉಳಿದಿದ್ದ ಒಂದು ಬಣ್ಣದ ಕೆಸುವಿನ ಎಲೆ ಸುಟ್ಟ ಕಾಗದದ ಹಾಗಿತ್ತು. ನೆರಳು ಅಂದ್ರೆ ಸುಮ್ಮನೆ ಇರುತ್ತೆ ಅಂದುಕೊಂಡಿರ್ತೀವಲ್ಲ, ಅದನ್ನೂ ಯಾರೋ ನೆಟ್ಟಿರ್ತಾರೆ.

ಹೊರಡೋ ಹೊತ್ತಿಗೆ ಕೋಲಿಯಸ್ ಕೊನೆಗಳನ್ನ ಒದ್ದೆ ಬಟ್ಟೆ, ಬಾಳೆಪಟ್ಟೆಯಲ್ಲಿ ಸುತ್ತಿಕೊಟ್ಟರು. ಜೊತೆಗೆ ಎರಡು ಗಡ್ಡೆ. "ಇಲ್ಲಿ ಸತ್ರೂ ಬೀಜಕ್ಕಂತಾದ್ರೂ ಅಲ್ಲಿರ್ಲಿ." ರಾತ್ರಿ ಬಸ್ಸಲ್ಲಿ ತೊಡೆ ಮೇಲೇ ಇಟ್ಟುಕೊಂಡು ಬಂದೆ.

ಕೋಲಿಯಸ್ ಬೆಳೆಸೋದು ನಿಜಕ್ಕೂ ಸುಲಭ. ನಾಲ್ಕಿಂಚಿನ ಕೊನೆಯನ್ನ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ನೀರಿನ ಲೋಟದಲ್ಲಿಡಿ. ಒಂದೆರಡು ವಾರದಲ್ಲಿ ಬೇರು. ಆಮೇಲೆ ಕೆಂಪು ಮಣ್ಣು, ಕೊಕೊಪೀಟ್, ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡ. ನೆರಳು ಅಂದರೆ ಕತ್ತಲೆ ಅಲ್ಲ ಮತ್ತೆ: ಹಗಲು ದೀಪ ಹಾಕದೆ ಪೇಪರ್ ಓದುವಷ್ಟು ಬೆಳಕು ಬೇಕೇ ಬೇಕು. ಬಣ್ಣ ಮಾಸಿ ಹಸಿರಾಗ್ತಾ ಗಿಡ ಸೊರಗಿ ಉದ್ದವಾದರೆ ಕಿಟಕಿಗೆ ಹತ್ತಿರ ಸರಿಸಿ. ಹೂ ತೆನೆ ಕಂಡ ಕೂಡಲೇ ಚಿವುಟಿ, ಎಲೆ ತುಂಬಿಕೊಳ್ಳುತ್ತೆ. ಬಿಗೋನಿಯಾಗೆ ನೀರು ಬುಡಕ್ಕೆ ಮಾತ್ರ, ಎಲೆ ಮೇಲೆ ನಿಂತರೆ ಕೊಳೆಯುತ್ತೆ.

ಬಣ್ಣದ ಕೆಸು ಚಳಿಗಾಲಕ್ಕೆ ಎಲೆ ಉದುರಿಸಿ ಮಲಗಿಬಿಡುತ್ತೆ. ಸತ್ತಿತು ಅಂತ ಎಸೀಬೇಡಿ. ನೀರು ನಿಲ್ಲಿಸಿ, ಸೆಕೆ ಏರುವಾಗ ಮತ್ತೆ ಶುರು ಮಾಡಿ. ನನ್ನ ಎರಡೂ ಗಡ್ಡೆ ಈಗ ಅಡುಗೆಮನೆ ಶೆಲ್ಫಿನ ಮೇಲೆ ಒಣ ಮರಳಲ್ಲಿವೆ. ಎದ್ದ ಮೇಲೆ ಒಂದು ಊರಿಗೆ ವಾಪಸ್ ಹೋಗಬೇಕು. ಅದಕ್ಕೆ ಅಂತ ದೊಡ್ಡಮ್ಮ ಆಗಲೇ ಒಂದು ಪೇಂಟ್ ಡಬ್ಬಕ್ಕೆ ತೂತು ಹೊಡೆಸಿಟ್ಟಿದ್ದಾರಂತೆ.