ಜಮಾ ಯಾರದು, ಖರ್ಚು ಯಾರದು

ನುಗ್ಗೇಹಳ್ಳಿ
ಕಾರ್ತಿಕ ಮಾಸ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಎರಡು ಸಲ ಓದಿದೆ. ಬೆಳಿಗ್ಗೆ ಸಂಜೆ ಊರಿನ ಹಾಲು ಸಹಕಾರ ಸಂಘದ ಡೈರಿಯಲ್ಲಿ ಹಾಲಿನ ಲೆಕ್ಕ ಬರೆದು, ರಾತ್ರಿ ಅಕೌಂಟೆನ್ಸಿಯ ಅಡ್ವಾನ್ಸ್ಡ್ ಡಿಪ್ಲೊಮಾಕ್ಕೆ ಓದುತ್ತಿದ್ದೀಯಲ್ಲ, ಅದನ್ನು ಕೇಳಿ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಪಿಯುಸಿಯಲ್ಲಿ ಕನ್ನಡದಲ್ಲೇ ಲೆಕ್ಕಶಾಸ್ತ್ರ ಓದಿದವಳಿಗೆ ಈಗ ಇಂಗ್ಲಿಷ್ ಪುಸ್ತಕ. 'ಡೈರಿ ಪುಸ್ತಕದಲ್ಲಿ ಬಂದ ದುಡ್ಡನ್ನ ಎಡಗಡೆ ಜಮಾ ಅಂತ ಬರೀತೀನಿ, ಓದೋ ಪುಸ್ತಕದಲ್ಲಿ ಅದೇ ದುಡ್ಡಿಗೆ ಕ್ಯಾಶ್ ಡೆಬಿಟ್ ಅಂತಾರೆ, ಜಮಾ ಅಂದ್ರೆ ಕ್ರೆಡಿಟ್ ಅಲ್ವಾ ಅಣ್ಣ? ನನಗೆ ಬುದ್ಧಿ ಸಾಲದೇನೋ' ಎಂದು ಬರೆದಿದ್ದೀಯ.

ಬುದ್ಧಿ ಸಾಲದ ಮಾತಲ್ಲ ಇದು. ಎರಡೂ ಪುಸ್ತಕಗಳನ್ನು ಮನಸ್ಸಿಟ್ಟು ನೋಡಿದವರಿಗೆ ಮಾತ್ರ ಹುಟ್ಟುವ ಅನುಮಾನ. ಉತ್ತರ ಹೇಳುತ್ತೇನೆ, ನಿಧಾನವಾಗಿ ಓದು.

ಸಂಘದ ಹಾಲು ಕೊಳ್ಳುವ ಒಕ್ಕೂಟದಿಂದ ಹಾಲಿನ ಹಣ ಬಂತು ಅಂತಿಟ್ಟುಕೋ. ನಮ್ಮ ನಗದು ಪುಸ್ತಕದ ಜಮಾ ಕಡೆಯಲ್ಲಿ 'ಹಾಲು ಮಾರಾಟ' ಎಂದು ಬರೆಯುತ್ತೀಯ. ಅಲ್ಲಿ ಜಮಾ ಎಂಬ ಮಾತು ಹಣದ ಪೆಟ್ಟಿಗೆಯನ್ನು ಕುರಿತದ್ದಲ್ಲ. ಹಣ ಯಾವ ಬಾಬ್ತಿನಿಂದ ಬಂತೋ ಆ ಬಾಬ್ತಿಗೆ ಜಮಾ. ಸಂಜೆ ಅದನ್ನು ಖಾತೆ ಪುಸ್ತಕಕ್ಕೆ ಏರಿಸುವಾಗ ಹಾಲು ಮಾರಾಟದ ಖಾತೆಗೆ ಕ್ರೆಡಿಟ್ ಹೋಗುತ್ತದೆ. ನಗದು ಪುಸ್ತಕವೇ ಪೆಟ್ಟಿಗೆಯ ಖಾತೆ. ಅದರ ಎಡಗಡೆ ಪೆಟ್ಟಿಗೆಗೆ ಬಂದದ್ದು, ಎಂದರೆ ಡೆಬಿಟ್. ಒಂದೇ ಸಾಲು, ಎರಡು ಕಡೆಯಿಂದ ನೋಡಿದ್ದು. ನಮ್ಮ ಹಿರಿಯರು ಕೊಟ್ಟವನ ಹೆಸರು ಹಿಡಿದು ಬರೆದರು, ಇಂಗ್ಲಿಷ್ ಪುಸ್ತಕದವರು ಪೆಟ್ಟಿಗೆಯ ಹೆಸರು ಹಿಡಿದು ಹೇಳಿದರು. ಇಷ್ಟೇ ಗೊಂದಲ. ಇನ್ನು ಮುಂದೆ ಜಮಾ ಎಂದು ಬರೆಯುವಾಗಲೆಲ್ಲ 'ಯಾರದು?' ಎಂದು ಒಂದು ಸಲ ಕೇಳಿಕೋ.

ಈಗ ನಿನ್ನ ಎರಡನೆಯ ಪ್ರಶ್ನೆ. ಡೆಬಿಟ್, ಕ್ರೆಡಿಟ್ ಮೊತ್ತಗಳ ತಾಳೆಪಟ್ಟಿ ಕೂಡಿಬಂದರೆ ಲೆಕ್ಕ ಸರಿ ಅಂತಲ್ಲವೇ? ಅಲ್ಲ. ನಿನ್ನ ಡೈರಿಯದೇ ಉದಾಹರಣೆ ಕೊಡುತ್ತೇನೆ. ಒಬ್ಬ ಸದಸ್ಯೆಗೆ ಹದಿನೈದು ದಿನದ ಹಾಲಿನ ಬಾಬ್ತು 4,200 ರೂಪಾಯಿ ಸಿಗಬೇಕು. ಅವರು ಸಂಘದಿಂದ ಸಾಲಕ್ಕೆ ಒಯ್ದ ಪಶು ಆಹಾರದ ಬಾಕಿ 1,350. ಬಟವಾಡೆಯ ದಿನ ಬಾಕಿ ಹಿಡಿದುಕೊಂಡು ಅವರ ಬ್ಯಾಂಕ್ ಖಾತೆಗೆ 2,850 ಹಾಕುತ್ತೀರಿ. ಹೊಸಬರು ಇದನ್ನು 'ಹಾಲು ಖರೀದಿ 2,850' ಎಂದು ಒಂದೇ ಸಾಲಿನಲ್ಲಿ ಬರೆದುಬಿಡುತ್ತಾರೆ. ಹೋದ ಹಣ ಅಷ್ಟೇ ತಾನೆ? ತಾಳೆಪಟ್ಟಿ ಚೆನ್ನಾಗಿ ಕೂಡುತ್ತದೆ. ಲಾಭವೂ ಹೆಚ್ಚುಕಡಿಮೆಯಾಗುವುದಿಲ್ಲ, ಏಕೆಂದರೆ ಖರೀದಿಯಲ್ಲೂ 1,350 ಕಮ್ಮಿ, ಆಹಾರದ ಮಾರಾಟದಲ್ಲೂ 1,350 ಕಮ್ಮಿ. ಆದರೂ ಆ ಲೆಕ್ಕ ಸುಳ್ಳು. ಹಾಲಿನ ವ್ಯಾಪಾರದಲ್ಲಿ ಇಲ್ಲದ ಲಾಭ ಕಾಣುತ್ತದೆ, ಪಶು ಆಹಾರದಲ್ಲಿ ಇಲ್ಲದ ನಷ್ಟ ಕಾಣುತ್ತದೆ. ಮೂಟೆ ಗೋಡೌನಿನಿಂದ ಹೋಗಿದೆ, ಮಾರಿದ ಲೆಕ್ಕ ಎಲ್ಲೂ ಇಲ್ಲ.

ಸರಿಯಾದ ದಾರಿ ಮೂರು ಹೆಜ್ಜೆಯದು. ಹಾಲು ಖರೀದಿಗೆ 4,200 ಡೆಬಿಟ್, ಸದಸ್ಯೆಯ ಖಾತೆಗೆ ಕ್ರೆಡಿಟ್. ಆಹಾರ ಒಯ್ದ ದಿನವೇ ಸದಸ್ಯೆಯ ಖಾತೆಗೆ 1,350 ಡೆಬಿಟ್, ಪಶು ಆಹಾರ ಮಾರಾಟಕ್ಕೆ ಕ್ರೆಡಿಟ್. ಉಳಿದ 2,850 ಸದಸ್ಯೆಯ ಖಾತೆಗೆ ಡೆಬಿಟ್, ಬ್ಯಾಂಕಿಗೆ ಕ್ರೆಡಿಟ್. ಸಹಕಾರ ಸಂಘದ ನಗದು ಪುಸ್ತಕದಲ್ಲಿ ನಗದಿನ ಪಕ್ಕ 'ಹೊಂದಾಣಿಕೆ' ಎಂಬ ಕಾಲಂ ಇರುವುದು ಇದಕ್ಕೇ. ಹಣ ಕೈಬದಲಾಗದೆ ಆದ ವ್ಯವಹಾರ ಅಲ್ಲಿಗೆ, ಎರಡೂ ಕಡೆಗೆ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣವಿದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನು ಲೆಕ್ಕ ನೋಡಲು ಹೋಗಿದ್ದ ಒಂದು ಸಂಘದಲ್ಲಿ ಹನ್ನೊಂದು ಮೂಟೆ ಪಶು ಆಹಾರ ಕಮ್ಮಿ ಬಂತು. ಊರೆಲ್ಲ ಕಾರ್ಯದರ್ಶಿಯ ಕಡೆಗೆ ಬೆರಳು ಮಾಡಿತು. ಆತನ ಹೆಂಡತಿ ನೀರಿಗೆ ಹೋಗುವುದನ್ನೂ ಬಿಟ್ಟಿದ್ದರು. ನಾನು ಎರಡು ರಾತ್ರಿ ಸಂಘದ ಜಗಲಿಯ ಮೇಲೆ ಕೂತು, ಸದಸ್ಯರ ಪಾಸ್‌ಬುಕ್ಕುಗಳನ್ನೆಲ್ಲ ತರಿಸಿ, ಒಂದೊಂದನ್ನೇ ನಗದು ಪುಸ್ತಕಕ್ಕೆ ಹಿಡಿದು ನೋಡಿದೆ. ಹನ್ನೊಂದು ಮೂಟೆಯ ಹಣವೂ ಪಾಸ್‌ಬುಕ್ಕಿನಲ್ಲಿ ಕಡಿತವಾಗಿತ್ತು. ಪುಸ್ತಕ ಬರೆದ ಹುಡುಗ ನಿವ್ವಳ ಮೊತ್ತ ಮಾತ್ರ ಬರೆದಿದ್ದ. ಕಳ್ಳತನ ಆಗಿರಲಿಲ್ಲ, ಹೊಂದಾಣಿಕೆ ಬಿಟ್ಟುಹೋಗಿತ್ತು. ಮೂರನೆಯ ದಿನ ಆ ಮನುಷ್ಯ ನನ್ನ ಕೈ ಹಿಡಿದುಕೊಂಡು ಮಾತೇ ಆಡದೆ ನಿಂತಿದ್ದು ಈಗಲೂ ಕಣ್ಣಮುಂದೆ ಇದೆ. ಲೆಕ್ಕ ಕಲಿಯುವುದು ಕೆಲಸಕ್ಕಾಗಿ ಎನ್ನುತ್ತಾರೆ, ಸರಿ. ಒಬ್ಬರ ಮಾನ ನಿನ್ನ ಕೈಬರಹದಲ್ಲಿ ಇರುತ್ತದೆ ಎಂಬುದೂ ಅಷ್ಟೇ ನಿಜ.

'ಟ್ಯಾಲಿ ಕಲಿತರೆ ಸಾಕು, ಇದೆಲ್ಲ ಯಾಕೆ' ಎಂದು ನಿನ್ನ ಗೆಳತಿಯರು ಅನ್ನುತ್ತಾರಂತೆ. ಟ್ಯಾಲಿ ಕಲಿ, ಖಂಡಿತ ಕಲಿ. 1986ರಲ್ಲಿ ಗೋಯೆಂಕಾ ತಂದೆ ಮಗ ಶುರುಮಾಡಿದ ಕಂಪನಿಯ ಲೆಕ್ಕದ ಸಾಫ್ಟ್‌ವೇರ್ ಅದು, ನಮ್ಮ ಬೆಂಗಳೂರಿನದೇ. ಆದರೆ ಅದರಲ್ಲಿ ಎರಡು ಕಡೆ ಸಮ ಇಲ್ಲದ ವೋಚರ್ ಒಳಗೇ ಹೋಗುವುದಿಲ್ಲ. ಆದ್ದರಿಂದ ಕೂಡುವ ಕಳೆಯುವ ತಪ್ಪು ಇನ್ನಿಲ್ಲ, ಉಳಿದಿರುವುದು ಹೆಚ್ಚಾಗಿ ತಿಳಿವಳಿಕೆಯ ತಪ್ಪು. ಆ 2,850ರ ಸಾಲನ್ನು ಟ್ಯಾಲಿ ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತದೆ. ಕಂಪ್ಯೂಟರ್ ಬಂದ ಮೇಲೆ ನಿನ್ನ ಓದಿನ ಬೆಲೆ ಹೆಚ್ಚಿತೇ ಹೊರತು ಕಮ್ಮಿಯಾಗಲಿಲ್ಲ.

ಡಿಪ್ಲೊಮಾ ಅಂದರೆ ಡಿಗ್ರಿಗಿಂತ ಕೀಳು ಎಂಬ ಮಾತಿಗೂ ಕಿವಿಗೊಡಬೇಡ. ಈ ದೇಶದಲ್ಲಿ ಲೆಕ್ಕ ಪರಿಶೋಧಕರ ವೃತ್ತಿಗೆ ಬುನಾದಿ ಹಾಕಿದ್ದೇ ಒಂದು ಡಿಪ್ಲೊಮಾ. ಮುಂಬಯಿ ಸರ್ಕಾರ 1918ರಲ್ಲಿ 'ಗವರ್ನಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ' ತೆರೆಯಿತು. ಧಾರವಾಡ, ಬೆಳಗಾವಿ ಆಗ ಅದೇ ಪ್ರಾಂತ್ಯದಲ್ಲಿದ್ದವು. ಪರೀಕ್ಷೆ ಪಾಸಾದರಷ್ಟೇ ಸಾಲದು, ಅನುಭವಸ್ಥ ಲೆಕ್ಕಿಗರ ಕೈಕೆಳಗೆ ಮೂರು ವರ್ಷ ದುಡಿಯಬೇಕಿತ್ತು. ಚಾರ್ಟರ್ಡ್ ಅಕೌಂಟೆಂಟರ ಕಾಯ್ದೆ ಬಂದದ್ದು ಆಮೇಲೆ, 1949ರಲ್ಲಿ. ಅಂದು ಅವರು ಕಚೇರಿಯಲ್ಲಿ ಕೂತು ಕಲಿತದ್ದನ್ನು ನೀನು ಇವತ್ತು ಡೈರಿಯಲ್ಲಿ ಕಲಿಯುತ್ತಿದ್ದೀಯ. ಒಂದನ್ನು ಮಾತ್ರ ನೋಡಿಕೋ. ನಿನ್ನ ಸರ್ಟಿಫಿಕೇಟಿಗೆ ಸಹಿ ಹಾಕುವವರು ಯಾರು? ವಿಶ್ವವಿದ್ಯಾಲಯವೇ, ಸರ್ಕಾರದ ಮಂಡಳಿಯೇ, ಇಲ್ಲ ಬರೀ ನೀನು ಓದುತ್ತಿರುವ ಸೆಂಟರಿನವರೇ? ಫೀಸಿನ ಮುಂದಿನ ಕಂತು ಕಟ್ಟುವ ಮುಂಚೆ ಬರಹದಲ್ಲಿ ಕೇಳು, ರಸೀದಿ ಇಟ್ಟುಕೋ.

ಇಂಗ್ಲಿಷಿನ ಭಯದ ಬಗ್ಗೆಯೂ ನೀನು ಬರೆದಿದ್ದೀಯ. ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಸಿಎ ಪರೀಕ್ಷೆಯನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕನ್ನಡ ಲೆಕ್ಕಕ್ಕೆ ಹೊಸದಲ್ಲ. ಹೊಯ್ಸಳರ ಕಾಲದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದ. ಊರಿನ ಲೆಕ್ಕ ಬರೆಯುವ ಸೇನಬೋವರು ಶಾಸನಗಳಲ್ಲಿ ಬರುತ್ತಾರೆ. ಆ ಹೆಸರೇ ಶಾನುಭೋಗ ಎಂದಾಯಿತು. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಅವರು ಬರೆದ ಜಮಾ ಖರ್ಚಿನ ಮಾತೇ ಇವತ್ತು ನಿನ್ನ ಡೈರಿಯ ಪುಸ್ತಕದಲ್ಲಿರುವುದು. ವ್ಯವಹಾರವನ್ನು ಮೊದಲು ನಮ್ಮ ಮಾತಿನಲ್ಲಿ ಬಿಡಿಸಿಕೋ, ಆಮೇಲೆ ಇಂಗ್ಲಿಷ್ ಹೆಸರು ಅಂಟಿಸು. ತಾಳೆಪಟ್ಟಿ ಟ್ರಯಲ್ ಬ್ಯಾಲೆನ್ಸ್, ಸವಕಳಿ ಡಿಪ್ರಿಸಿಯೇಷನ್, ಅಢಾವೆ ಪತ್ರಿಕೆ ಬ್ಯಾಲೆನ್ಸ್ ಶೀಟ್. ಇನ್ನೂರು ಪದ ದಾಟುವುದಿಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದಿಡು.

ನಿನ್ನೆ ಸಂಜೆ ಇಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗಿದ್ದೆ. ಹೊಯ್ಸಳ ರಾಜ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಇಟಲಿಯ ಪಾಚಿಯೋಲಿ ಎರಡು ಕಡೆಯ ಲೆಕ್ಕದ ಪದ್ಧತಿಯನ್ನು ಅಚ್ಚಿನ ಪುಸ್ತಕಕ್ಕೆ ತಂದ 1494ಕ್ಕಿಂತ 248 ವರ್ಷ ಮೊದಲು. ಹೊರಗೋಡೆಯ ಮೂರ್ತಿಗಳ ಕೆಳಗೆ ಮಲ್ಲಿತಮ್ಮ, ಬೈಚೋಜ ಎಂಬ ಶಿಲ್ಪಿಗಳ ಹೆಸರುಗಳಿವೆ. ಯಾವ ಕೆಲಸ ಯಾರದು ಎಂದು ಇಷ್ಟು ಶತಮಾನದ ಮೇಲೂ ಹೇಳಬಹುದು. ನಿನ್ನ ವೋಚರಿನ ಕೆಳಗೆ ಹಾಕುವ ಚಿಕ್ಕ ಸಹಿಯನ್ನೂ ಅದೇ ಹೊಣೆಯಿಂದ ಹಾಕು. ಬೇರೆಯವರು ಬರೆದದ್ದಕ್ಕೆ ಓದದೆ ಸಹಿ ಮಾಡಬೇಡ, ಹೇಳಿದವರು ಎಷ್ಟು ದೊಡ್ಡವರಾಗಿರಲಿ.

ಪರೀಕ್ಷೆಗೆ ಮುಂಚೆ ನಿನಗೊಂದು ಲೆಕ್ಕ ಕೊಡುತ್ತೇನೆ. ನಮ್ಮ ಕಡೆಯ ವರ್ತಕನೊಬ್ಬ ಆಷಾಢದಲ್ಲಿ ತೆಂಗಿನಕಾಯಿ ಕೊಂಡು ಅಟ್ಟಕ್ಕೆ ಏರಿಸಿದ. ಅದು ಒಣಗಿ ಉಂಡೆ ಕೊಬ್ಬರಿಯಾಗಿ ತಿಪಟೂರು ಮಾರುಕಟ್ಟೆಗೆ ಹೋಗುವ ಹೊತ್ತಿಗೆ ಹತ್ತು ಹನ್ನೊಂದು ತಿಂಗಳು. ನಡುವೆ ಮಾರ್ಚ್ 31 ಬರುತ್ತದೆ. ಆ ದಿನ ಅಟ್ಟದ ಮೇಲಿರುವ ಕಾಯಿಯನ್ನು ಪುಸ್ತಕದಲ್ಲಿ ಯಾವ ಬೆಲೆಗೆ ತೋರಿಸಬೇಕು, ಕೊಂಡ ಬೆಲೆಗೋ, ಆ ದಿನದ ಪೇಟೆ ಬೆಲೆಗೋ? ಬೆಲೆ ಬಿದ್ದಿದ್ದರೆ ಹೇಗೆ, ಏರಿದ್ದರೆ ಹೇಗೆ? ಕಾರಣ ಸಮೇತ ಬರೆ.

ಅದರ ಜೊತೆ ಮುಂದಿನ ಬಟವಾಡೆಯ ಲೆಕ್ಕವನ್ನು ಮೂರು ಹೆಜ್ಜೆಯಲ್ಲಿ ಬೇರೆ ಹಾಳೆಯಲ್ಲಿ ಬರೆದು ನನಗೆ ಕಳಿಸು, ಸದಸ್ಯರ ಹೆಸರು ಬೇಡ, ನಂಬರ್ ಸಾಕು. ಕೆಂಪು ಶಾಯಿಯಲ್ಲಿ ತಿದ್ದಿ ವಾರದೊಳಗೆ ವಾಪಸ್ ಕಳಿಸುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ
ಅಣ್ಣ