ಕಿವಿಯೊಳಗಿನ ಗುಲಾಬಿ

ಗುಲಾಬಿಯನ್ನು ಇಟ್ಟುಕೊಳ್ಳುವುದಕ್ಕೆ ಸರಿಯಾದ ಜಾಗ ಕಿವಿ ಎಂದು ನಮ್ಮ ದೊಡ್ಡಪ್ಪ ನಂಬಿದ್ದರು. ಮದುವೆ, ಮುಂಜಿ, ಊರಹಬ್ಬ ಯಾವುದಿದ್ದರೂ ಹೊರಡುವ ಮುಂಚೆ ಕನ್ನಡಿಯ ಮುಂದೆ ನಿಂತು, ಕಿರುಬೆರಳಿನ ಗಾತ್ರದ ಸೀಸೆಯ ಬಿರಡೆ ತೆಗೆದು, ಅದನ್ನು ಹತ್ತಿಯ ಚೂರಿಗೆ ಒತ್ತಿ, ಆ ಹತ್ತಿಯನ್ನು ಬಲಗಿವಿಯ ಮೇಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಬಟ್ಟೆಗೆ ಹಚ್ಚಿದರೆ ಕಲೆ. ಕೈಗೆ ಹಚ್ಚಿದರೆ ಊಟದ ಹೊತ್ತಿಗೆ ಹುಳಿಯ ಪಾಲು. ಕಿವಿಯಲ್ಲಾದರೆ ಮೈಬಿಸಿಗೆ ನಿಧಾನವಾಗಿ ಬಿಡುತ್ತದೆ, ಸಂಜೆಯ ತನಕ ಯಾರೂ ತೊಳೆಯುವುದಿಲ್ಲ ಎಂಬುದು ಅವರ ವಾದ. ಮೈಬಿಸಿಯ ಮಾತನ್ನು ಅತ್ತರು ಬಲ್ಲವರು ಯಾರೂ ತೆಗೆದುಹಾಕುವುದಿಲ್ಲ. ಆದರೆ ದೊಡ್ಡಪ್ಪನ ಎಡಗಿವಿ ಮೊದಲೇ ಮಂದ. ಅವರೊಡನೆ ಮಾತಾಡಬೇಕಾದವರೆಲ್ಲ ಬಲಗಿವಿಯ ಹತ್ತಿರವೇ ಮುಖ ತರಬೇಕಾಗಿತ್ತು. ಒಂದು ಸಂಬಂಧ ಕುದುರಿಸುವಷ್ಟರಲ್ಲಿ ಎರಡೂ ಕಡೆಯ ಬೀಗರಿಗೆ ಪುಕ್ಕಟೆ ಗುಲಾಬಿ.

ಅವರು ಹೋದ ಮೇಲೆ ಅವರ ಕರೀ ಕೋಟನ್ನು ಕತ್ತರಿಸಿ ನನಗೊಂದು ಅರ್ಧ ತೋಳಿನ ಕೋಟು ಹೊಲಿಸಿದರು. ಅಜ್ಜಿ ಸೀಗೆಕಾಯಲ್ಲಿ ನೆನೆಸಿದಳು, ಬಿಸಿಲಿಗೆ ಹಾಕಿದಳು. ಕಾಲರಿನ ಬಲಭಾಗ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಶಾಲೆಯಲ್ಲಿ ಒಂದು ಚಳಿಗಾಲ ಪೂರ್ತಿ ನನ್ನ ಹೆಸರು ‘ಮದುಮಗ’.

ಆ ಸೀಸೆ ಬರುತ್ತಿದ್ದದ್ದು ಜಾತ್ರೆಯಿಂದ. ಮರದ ಪೆಟ್ಟಿಗೆಯಲ್ಲಿ ಗೂಡು ಗೂಡಾಗಿ ಸೀಸೆಗಳನ್ನು ಜೋಡಿಸಿಕೊಂಡು ಅತ್ತರಿನ ಸಾಹೇಬರು ಕೂತಿರುತ್ತಿದ್ದರು. ಹಿನಾ, ಕೇದಗೆ, ಖಸ್ ಎಂದು ಅವರು ಹೆಸರು ಹೇಳುತ್ತ ಹೋದರೂ ನಮ್ಮೂರಿನವರು ಕೊನೆಗೆ ಕೇಳುತ್ತಿದ್ದದ್ದು ಗುಲಾಬಿಯನ್ನೇ. ನಾವು ಹುಡುಗರು ಮುಂಗೈ ಚಾಚಿ ಒಂದೊಂದು ಗೆರೆ ಎಳೆಸಿಕೊಂಡು, ಗುಂಪನ್ನು ಸುತ್ತಿ ಬಂದು, ಇನ್ನೊಂದು ಕೈ ಚಾಚುತ್ತಿದ್ದೆವು. ಸಾಹೇಬರಿಗೆ ಗೊತ್ತಾಗುತ್ತಿತ್ತು, ಆದರೂ ಎಳೆಯುತ್ತಿದ್ದರು.

ಗುಲಾಬಿ ಅತ್ತರಾಗುವ ಊರನ್ನು ನೋಡುವ ಆಸೆ ತಲೆ ನರೆತ ಮೇಲೆ ಕೈಗೂಡಿತು. ಲಖನೌಗೆ ಹೋಗಿದ್ದವನು ಅಲ್ಲಿಂದ ಕನೌಜಿನ ಬಸ್ಸು ಹತ್ತಿದೆ. ಹರ್ಷವರ್ಧನನ ಕನೌಜ್, ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯ ದಡದಲ್ಲಿ ತಡೆದನಲ್ಲ, ಅದೇ ಹರ್ಷ. ಊರಿನವರಿಗೆ ಈಗ ಅವನ ಗೊಡವೆಯಿಲ್ಲ. ಇಕ್ಕಟ್ಟಾದ ಗಲ್ಲಿ, ಬೀದಿಗೆ ಹರಿಯುವ ಚರಂಡಿ, ಅದರ ಮೇಲೆ ತೇಲಿ ಬರುವ ಗುಲಾಬಿಯ ಕಂಪು. ಎರಡೂ ಒಟ್ಟಿಗೇ ಮೂಗಿಗೆ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ಅನುಕೂಲ ಅಲ್ಲಿಲ್ಲ.

ಅಲ್ಲಿನ ಕಾರಖಾನೆ ಎಂದರೆ ನಮ್ಮ ಕಡೆಯ ಆಲೆಮನೆಯ ಅಣ್ಣ ಎನ್ನಬಹುದು. ಸಾಲಾಗಿ ಮಣ್ಣಿನ ಒಲೆಗಳು, ಒಲೆಯ ಮೇಲೆ ದೇಗ್ ಎನ್ನುವ ತಾಮ್ರದ ಹಂಡೆಗಳು. ಬೆಳಗಿನ ಜಾವ ಬಿಡಿಸಿದ ಗುಲಾಬಿಯನ್ನು ಮೂಟೆಯಿಂದ ಸುರಿದು, ನೀರು ಹಾಕಿ, ಮುಚ್ಚಳದ ಸುತ್ತ ಹತ್ತಿ ಬೆರೆಸಿದ ಜೇಡಿಮಣ್ಣು ಮೆತ್ತುತ್ತಾರೆ. ಹಂಡೆಯ ಬಾಯಿಂದ ಹಗ್ಗ ಸುತ್ತಿದ ಬಿದಿರಿನ ಕೊಳವೆಯೊಂದು ಹೊರಟು, ಪಕ್ಕದ ನೀರಿನ ತೊಟ್ಟಿಯಲ್ಲಿ ಕುತ್ತಿಗೆಯ ತನಕ ಮುಳುಗಿ ಕೂತ ಭಪ್ಕಾ ಎಂಬ ತಾಮ್ರದ ಪಾತ್ರೆಗೆ ಸೇರುತ್ತದೆ. ಥರ್ಮಾಮೀಟರು ಎಲ್ಲಿದೆ ಎಂದು ಕೇಳಿದೆ. ಉರಿ ನೋಡಿಕೊಳ್ಳುತ್ತಿದ್ದ ಮುದುಕ ತನ್ನ ಅಂಗೈ ತೋರಿಸಿದ. ತೊಟ್ಟಿಯ ನೀರಿಗೆ ಕೈ ಇಟ್ಟರೆ ಭಪ್ಕಾ ಎಷ್ಟು ತುಂಬಿದೆ ಎಂದು ತಿಳಿಯುತ್ತದಂತೆ. ಉರಿ ಹೆಚ್ಚಾದರೆ ಒದ್ದೆ ಬಟ್ಟೆಯಿಂದ ಹಂಡೆಯ ಮೈ ಒರೆಸುತ್ತಾನೆ. ಹೆಚ್ಚು ಬೇಯಿಸಿದರೆ ಗುಲಾಬಿ ಹೋಗಿ ಸೊಪ್ಪಿನ ಪಲ್ಯದ ವಾಸನೆ ಬರುತ್ತದೆಂದು ಅವನು ಹೇಳಿದಾಗ ನಮ್ಮ ಮನೆಯ ಕೆಲವು ಪಲ್ಯಗಳು ನೆನಪಾದವು.

ಭಪ್ಕಾದ ತಳದಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಗುಲಾಬಿಯ ಹಬೆ ತಣಿದು ಇಳಿಯುವಾಗ ಅದರ ಕಂಪನ್ನು ಗಂಧದೆಣ್ಣೆ ಹಿಡಿದುಕೊಳ್ಳುತ್ತದೆ. ಮಾರನೆಯ ದಿನ ನೀರನ್ನು ಬಸಿದು, ಮತ್ತೆ ಹಂಡೆಗೆ ಹಾಕಿ, ಹೊಸ ಹೂವು ಸುರಿದು, ಅದೇ ಗಂಧದೆಣ್ಣೆಗೆ ಮತ್ತೊಮ್ಮೆ. ಗಂಧದೆಣ್ಣೆ ಇನ್ನು ಸಾಕು ಎನ್ನುವ ತನಕ ಹೀಗೆ ನಡೆಯುತ್ತದೆ. ಹಿಂದೆ ಆ ಎಣ್ಣೆಗೆ ಮೈಸೂರಿನದೇ ಹೆಸರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡು ನಿಂತುಹೋಗಿ, 1916ರಲ್ಲಿ ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಶುರುಮಾಡಿತಲ್ಲ, ಆ ಎಣ್ಣೆ. ಉತ್ತರದ ಗುಲಾಬಿ ದಕ್ಷಿಣದ ಮರದ ಆಸರೆಯಲ್ಲಿ ಬಾಳುವೆ ಮಾಡುತ್ತಿತ್ತು ಎಂಬುದು ಹರ್ಷನಿಗೂ ಪುಲಕೇಶಿಗೂ ಗೊತ್ತಾಗಬೇಕಿತ್ತು. ಈಗ ಗಂಧದೆಣ್ಣೆಯ ಬೆಲೆ ಮುಟ್ಟಿದರೆ ಸುಡುತ್ತದೆ. ಅಗ್ಗದ ಅತ್ತರಿನ ತಳದಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೂತಿದೆ.

ಗಂಧದ ಆಸರೆಯಿಲ್ಲದೆ ಬರೀ ಗುಲಾಬಿಯ ಎಣ್ಣೆಯನ್ನೇ ತೆಗೆದರೆ ಅದು ರೂಹ್. ಅದರ ಲೆಕ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಗುಲಾಬಿ ಎಣ್ಣೆಗೆ ಲೋಕಪ್ರಸಿದ್ಧವಾದ ಬಲ್ಗೇರಿಯದ ಕಜಾನ್‌ಲಾಕ್ ಕಣಿವೆಯಲ್ಲಿ ಒಂದು ಕಿಲೋ ಎಣ್ಣೆಗೆ ಮೂರೂವರೆ, ನಾಲ್ಕು ಸಾವಿರ ಕಿಲೋ ಹೂವು ಬೇಕು. ಹೂವು ಬಿಡುವುದು ಮೇ-ಜೂನ್‌ನ ಕೆಲವೇ ವಾರ. ಬಿಸಿಲೇರಿದರೆ ಎಣ್ಣೆ ಗಾಳಿಪಾಲು, ಆದ್ದರಿಂದ ನಸುಕಿನಲ್ಲೇ ಬಿಡಿಸಬೇಕು. ಇಷ್ಟೆಲ್ಲ ಅವಸರದ ನಡುವೆಯೂ ಅಲ್ಲಿನವರು 1903ರಿಂದ ಗುಲಾಬಿ ಹಬ್ಬ ಮಾಡುತ್ತಾರೆಂದರೆ ಮೆಚ್ಚಬೇಕು. ನಮ್ಮ ತುಳಸಿಕಟ್ಟೆಯ ಪಕ್ಕದಲ್ಲೂ ಅಜ್ಜಿಯ ಪನ್ನೀರು ಗುಲಾಬಿಯ ಗಿಡವೊಂದಿತ್ತು. ಅದು ವರ್ಷವಿಡೀ ದಿನಕ್ಕೆ ಮೂರು ಹೂವು ಕೊಟ್ಟಿತೆಂದು ಉದಾರವಾಗಿ ಭಾವಿಸಿ, ಒಂದು ಹೂವಿಗೆ ಎರಡೂವರೆ ಗ್ರಾಂ ಹಿಡಿದು ಲೆಕ್ಕ ಹಾಕಿದೆ. ಇಮ್ಮಡಿ ಪುಲಕೇಶಿಯ ಅಜ್ಜ ಮೊದಲನೇ ಪುಲಕೇಶಿ 543ರಲ್ಲಿ ಬಾದಾಮಿಯ ಕೋಟೆ ಕಟ್ಟಿಸಿದಾಗ ಹೂವು ಕೂಡಿಡಲು ತೊಡಗಿದ್ದರೆ ಈ ಹೊತ್ತಿಗೆ ಒಂದು ಕಿಲೋ ಎಣ್ಣೆ ಕೈಗೆ ಬರುತ್ತಿತ್ತು. ಅದೂ ಪಕ್ಕದ ಮನೆಯವರು ಪೂಜೆಗೆಂದು ಒಂದನ್ನೂ ಕೇಳದಿದ್ದರೆ.

ಈ ಎಣ್ಣೆಯನ್ನು ಕಂಡುಹಿಡಿದವಳು ನೂರ್‌ಜಹಾನ್ ಎಂದು ಕನೌಜಿನಲ್ಲಿ ಅಂಗಡಿಯವರು ಈಗಲೂ ಹೇಳುತ್ತಾರೆ. ಜಹಾಂಗೀರ್ ಬರೆದುಕೊಂಡದ್ದು ಬೇರೆ. ಅವನ ಆತ್ಮಕಥೆಯ ಪ್ರಕಾರ ಆ ಕೀರ್ತಿ ನೂರ್‌ಜಹಾನಳ ತಾಯಿ ಅಸ್ಮತ್ ಬೇಗಂಳದು. ಪನ್ನೀರು ಮಾಡುವಾಗ ಬಿಸಿ ನೀರನ್ನು ತಟ್ಟೆಗಳಿಗೆ ಬಗ್ಗಿಸಿದರೆ ಮೇಲೆ ಕೆನೆಯಂಥದ್ದು ಕಟ್ಟುವುದನ್ನು ಆಕೆ ನೋಡಿದಳು. ಚೂರು ಚೂರೇ ತೆಗೆದು ಕೂಡಿಸಿದಳು. ಒಂದು ಹನಿ ಅಂಗೈಗೆ ಸವರಿದರೆ ಸಭೆಯೆಲ್ಲ ಘಮಘಮ. ಸಲೀಮಾ ಸುಲ್ತಾನ್ ಬೇಗಂ ಅದಕ್ಕೆ ಬಾದಶಹನ ಹೆಸರನ್ನೇ ಇಟ್ಟಳು, ಬಾದಶಹ ಅತ್ತೆಗೆ ಮುತ್ತಿನ ಹಾರ ಕೊಟ್ಟ. ಅಳಿಯನಾದವನು ಅತ್ತೆಯನ್ನು ಹೊಗಳಿ, ಅದನ್ನು ಬರಹದಲ್ಲೂ ಇಟ್ಟ ಪ್ರಸಂಗ ನನ್ನ ಓದಿನಲ್ಲಿ ಬೇರೆ ಬಂದಿಲ್ಲ. ಜನಕ್ಕೂ ಅದು ನಂಬಲು ಕಷ್ಟವಾಗಿರಬೇಕು. ಬಿರುದನ್ನು ಅತ್ತೆಯಿಂದ ಕಿತ್ತು ಹೆಂಡತಿಗೆ ಕೊಟ್ಟುಬಿಟ್ಟರು. ಅದೇ ಕಾಲದಲ್ಲಿ ನಮ್ಮ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನಿಗಾಗಿ ‘ಇತ್ರ್-ಎ-ನವ್‌ರಸ್ ಶಾಹಿ’ ಎಂದು ಸುಗಂಧಗಳ ಮೇಲೆ ಒಂದು ಗ್ರಂಥವೇ ಆಯಿತು. ಅವನ ಅತ್ತೆಯ ಸುದ್ದಿ ಚರಿತ್ರೆಯಲ್ಲಿ ಇಷ್ಟು ಕೇಳಿಬರುವುದಿಲ್ಲ.

ಕನೌಜಿನ ಮುದುಕ ನನಗೆ ರೂಹ್ ಗುಲಾಬಿನ ಬಿರಡೆಯನ್ನು ಮೂಸಲು ಕೊಟ್ಟ. ಕಣ್ಣು ಮುಚ್ಚಿದೆ. ಜೇನು, ಕಾಳುಮೆಣಸು, ಲೋಹದ ಒಂದು ಚುರುಕು. ಮೇಲೆ ಮೇಲೆ ಬರುವ ಘಾಟು. ಅಜ್ಜಿಯ ಗಿಡದ ತಂಪು ಎಲ್ಲಿಯೂ ಸಿಗಲಿಲ್ಲ. ಆಮೇಲೆ ಓದಿ ತಿಳಿದೆ: ಹೂವಿನ ಮೃದುವಾದ ಕಂಪಿಗೆ ಮುಖ್ಯ ಕಾರಣ ಫೀನೈಲ್ ಎಥೈಲ್ ಆಲ್ಕೋಹಾಲ್. ಅದು ನೀರಿನಲ್ಲಿ ಕರಗುವ ಸ್ವಭಾವದ್ದು. ಹಂಡೆಯಲ್ಲಿ ಬೇಯಿಸಿದಾಗ ಸಿಟ್ರೊನೆಲಾಲ್, ಜೆರಾನಿಯಾಲ್ ಮೊದಲಾದ ಘಾಟಿನವೆಲ್ಲ ಎಣ್ಣೆಯ ಜೊತೆ ಮೇಲೆ ತೇಲುತ್ತವೆ. ಇದು ಮಾತ್ರ ಹೆಚ್ಚಿನ ಪಾಲು ನೀರಿನಲ್ಲೇ ಉಳಿದುಬಿಡುತ್ತದೆ. ಎಣ್ಣೆಯಲ್ಲಿ ಶೇಕಡ ಒಂದರಷ್ಟೂ ಇಲ್ಲದ ಡಮಾಸ್ಕೆನೋನ್ ಎಂಬ ಇನ್ನೊಂದು ವಸ್ತು ಸದ್ದಿಲ್ಲದೆ ಅರ್ಧ ದರ್ಬಾರು ನಡೆಸುತ್ತಿದೆ ಎಂದು ರಸಾಯನಶಾಸ್ತ್ರಜ್ಞರಿಗೆ ಗೊತ್ತಾದದ್ದು 1970ರ ಹೊತ್ತಿಗೆ. ಅಂತೂ ಲಕ್ಷಗಟ್ಟಲೆ ಬೆಲೆಯ ಎಣ್ಣೆ ಹೂವನ್ನು ಅರ್ಧ ಮಾತ್ರ ಬಲ್ಲದು. ಉಳಿದರ್ಧ ಪನ್ನೀರಿನಲ್ಲಿದೆ, ಛತ್ರದ ಬಾಗಿಲಲ್ಲಿ ಲಂಗದ ಹುಡುಗಿಯರು ಪನ್ನೀರುದಾನಿಯಿಂದ ನಮ್ಮ ಕನ್ನಡಕದ ಮೇಲೆಯೇ ಗುರಿಯಿಟ್ಟು ಚಿಮುಕಿಸುತ್ತಿದ್ದರಲ್ಲ, ಆ ಪನ್ನೀರಿನಲ್ಲಿ. ಅಕ್ಷತೆಯ ಜೊತೆ ಅದನ್ನೂ ತಲೆ ಕೊಡವಿ ಉದುರಿಸಿಕೊಂಡು ಒಳಗೆ ನುಗ್ಗುತ್ತಿದ್ದೆವು.

ಇಷ್ಟು ಬೆಲೆಯ ಪದಾರ್ಥವಿದ್ದಲ್ಲಿ ಕಲಬೆರಕೆಯೂ ಕಲೆಯಾಗುತ್ತದೆ. ಅಸಲಿ ಗುಲಾಬಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ ಎಂದು ಕೊಳ್ಳುವವರು ಸೀಸೆಯನ್ನು ತಣ್ಣಗಿಟ್ಟು ಪರೀಕ್ಷೆ ಮಾಡುತ್ತಿದ್ದರು. ಮಾರುವವರು ತಿಮಿಂಗಿಲದ ತಲೆಯ ಮೇಣ ಬೆರೆಸಿ ಪರೀಕ್ಷೆ ಪಾಸು ಮಾಡಿಸಿದರು. ಅದಕ್ಕಿಂತ ಜಾಣತನದ್ದು ನಮ್ಮ ಪಾಮರೋಸಾ ಹುಲ್ಲಿನ ಕಥೆ. ಅದರ ಎಣ್ಣೆಯ ತುಂಬ ಜೆರಾನಿಯಾಲ್. ಮೂಸಿದರೆ ಗುಲಾಬಿಯ ದಾಯಾದಿ. 19ನೇ ಶತಮಾನದಲ್ಲಿ ಅದು ಮುಂಬಯಿಯಲ್ಲಿ ಹಡಗು ಹತ್ತಿ ತುರ್ಕಿಗೆ ಹೋಗಿ, ‘ತುರ್ಕಿ ಜೆರೇನಿಯಂ’ ಎಂದು ಹೆಸರು ಬದಲಿಸಿಕೊಂಡು, ಬಲ್ಗೇರಿಯದ ಗುಲಾಬಿ ಎಣ್ಣೆಯಲ್ಲಿ ಸೇರಿ ಯೂರೋಪಿನ ದೊರೆಸಾನಿಯರ ಕರವಸ್ತ್ರಕ್ಕೆ ಇಳಿಯುತ್ತಿತ್ತು. ಪಕ್ಕಾ ಕಸುಬಿನವರು ಅದನ್ನು ಎಣ್ಣೆಗೆ ಬೆರೆಸುತ್ತಲೂ ಇರಲಿಲ್ಲ. ಹಂಡೆಗೆ ಹಾಕುವ ಮುಂಚೆ ಹೂವಿನ ಮೇಲೇ ಚಿಮುಕಿಸುತ್ತಿದ್ದರಂತೆ.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬೆಂಗಳೂರಿನ ಶಿವಾಜಿನಗರದ ಅತ್ತರಿನ ಅಂಗಡಿಯೊಂದಕ್ಕೆ ಹೋದೆ. ಸಾಹೇಬರು ಒಂದಾದ ಮೇಲೊಂದು ಗುಲಾಬಿ ತೆರೆದರು. ಯಾವುದೂ ಆಗಲಿಲ್ಲ. ದೊಡ್ಡಪ್ಪನ ಕಿವಿಯ ಕಥೆ ಹೇಳಿದೆ.

“ಎಷ್ಟು ಕೊಟ್ಟು ತರ್ತಿದ್ರು ಅವರು?”

“ಎಂಟಾಣೆ ಇರಬೇಕು.”

ಸಾಹೇಬರು ಗಡ್ಡ ನೀವಿಕೊಂಡರು. “ಎಂಟಾಣೆಗೆ ಆಗಲೂ ಗುಲಾಬಿ ಬರ್ತಿರಲಿಲ್ಲ, ಸ್ವಾಮಿ.” ಮೆಟ್ಟಿಲು ಹಾಕಿ ಮೇಲಿನ ಸಾಲಿನಿಂದ ಧೂಳು ಹಿಡಿದ ಸೀಸೆಯೊಂದನ್ನು ಇಳಿಸಿ ನನ್ನ ಮುಂಗೈಗೆ ಗೆರೆ ಎಳೆದರು. ಕೋಟಿನ ಬಲಗಾಲರು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಬೀಗರ ಗದ್ದಲ ಎಲ್ಲ ಬಂದವು. “ಹುಲ್ಲೆಣ್ಣೆ ಇದು. ಪಾಮರೋಸಾ. ಸೋಪಿಗೆ ಹಾಕ್ತಾರೆ,” ಎಂದರು ಸಾಹೇಬರು, ಕೊಂಚ ಸಂಕೋಚದಿಂದ. ದೊಡ್ಡಪ್ಪನ ಮಾನ ಉಳಿಸುವವರ ಹಾಗೆ ಇನ್ನೂ ಒಂದು ಮಾತು ಸೇರಿಸಿದರು: “ಒಳ್ಳೇ ಹುಲ್ಲೇ.” ಆ ಸೀಸೆಯನ್ನೇ ಕೊಂಡೆ. ಮನೆಯಲ್ಲಿ ಸೊಳ್ಳೆಗೆ ತಂದದ್ದು ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಮೊನ್ನೆ ಸಂಬಂಧಿಕರ ಮದುವೆ. ಮಂಟಪದ ತುಂಬ ಕೆಂಪು ಗುಲಾಬಿ, ಪಾಲಿಹೌಸಿನಲ್ಲಿ ಬೆಳೆದು ಪ್ಲಾಸ್ಟಿಕ್ಕಿನ ಟೋಪಿ ಹಾಕಿಕೊಂಡು ಬಂದದ್ದು. ದಾರಿಯಲ್ಲಿ ಬಾಡಬಾರದು, ಕಾಂಡ ಉದ್ದವಿರಬೇಕು, ವಾರಗಟ್ಟಲೆ ನಿಲ್ಲಬೇಕು ಎಂದು ಆರಿಸುತ್ತ ಬಂದವರು ವಾಸನೆಯನ್ನು ದಾರಿಯಲ್ಲೇ ಎಲ್ಲೋ ಬಿಟ್ಟಿದ್ದಾರೆ. ಒಂದನ್ನು ಎಳೆದು ಮೂಸಿದೆ. ಸೌತೆಕಾಯಿ ಇದಕ್ಕಿಂತ ಹೆಚ್ಚು ಮಾತಾಡುತ್ತದೆ. ಆದರೂ ಹಾಲಿನಲ್ಲಿ ಏನೋ ಪರಿಮಳವಿತ್ತು. ಹುಡುಕಿದರೆ ಬಾಗಿಲ ಹಿಂದೆ, ಪನ್ನೀರಿನ ಹುಡುಗಿಯರು ನಿಲ್ಲುತ್ತಿದ್ದ ಜಾಗದಲ್ಲಿ, ಬಿಳಿಯ ಪೆಟ್ಟಿಗೆಯೊಂದು ಆಗಾಗ ಉಸ್ಸೆನ್ನುತ್ತಿತ್ತು. ಪಕ್ಕದಲ್ಲಿ ಕಪ್ಪು ಟೀ ಶರ್ಟಿನ ಹುಡುಗ.

“ಇದು ಗುಲಾಬಿಯೇನಪ್ಪ?”

“ರೋಸ್ ರೀಫಿಲ್ ಖಾಲಿ ಆಯ್ತು ಅಂಕಲ್. ಜಾಸ್ಮಿನ್ ಹಾಕಿದೀನಿ. ಫೋಟೋದಲ್ಲಿ ಗೊತ್ತಾಗಲ್ಲ.”

ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ನನ್ನವಳು ಬಂದು ತೋಳು ಹಿಡಿದಳು. “ಏನ್ರೀ, ಆ ಹುಡುಗನ ಹತ್ರ ಏನು ವಿಚಾರಣೆ? ಎಲೆ ಹಾಕ್ಬಿಟ್ಟಿದಾರೆ. ಮೊದಲನೇ ಪಂಕ್ತಿ ತಪ್ಪಿದ್ರೆ ಆಮೇಲೆ ಒಬ್ಬಟ್ಟಿಗೆ ತುಪ್ಪ ಬರಲ್ಲ.” ಅವಳ ಅನುಭವ ದೊಡ್ಡದು. ಇಬ್ಬರೂ ಬಿರಬಿರನೆ ನಡೆದೆವು.